ಗಿಡಕ್ಕೆ ಹೂ ಮುಡಿಸಿದವನು

“ಬುದ್ಧೀ, ಒಂದು ಕೆಲಸ ಕೆಟ್ಟುಹೋಯಿತು ಅಂತ ಇಟ್ಟುಕೊಳ್ಳಿ. ಅದನ್ನು ಹೇಳಬೇಕಾದವರಿಗೆ ಹೇಳುವುದಕ್ಕೆ ಸರಿಯಾದ ಹೊತ್ತು ಯಾವುದು?” ಎಂದು ಮರಿಸಿದ್ದಪ್ಪ ಕೇಳಿದ.

ಮರಿಸಿದ್ದಪ್ಪ ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಶಿಷ್ಯ. ವಯಸ್ಸು ನಲವತ್ತು ದಾಟಿತ್ತು. ಗುರುಗಳನ್ನು ಅವನು ಪ್ರಶ್ನೆ ಕೇಳುತ್ತಿದ್ದುದೇ ಅಪರೂಪ. ಕೇಳಿದರೂ ಸಾರಿಗೆ ಹುಳಿ ಸಾಕೇ ಎನ್ನುವಂಥದ್ದು.

“ಯಾವ ಕೆಲಸ ಕೆಟ್ಟಿತು?” ಎಂದರು ಗುರುಗಳು.

“ಯಾವುದೂ ಇಲ್ಲ ಬುದ್ಧಿ. ಸುಮ್ಮನೆ, ಜ್ಞಾನಕ್ಕೆ ಕೇಳಿದೆ.”

ಹಾಗೆಂದು ಗುರುಗಳ ಮುಂದೆ ಸ್ಟೀಲ್ ಚೊಂಬಿನಲ್ಲಿ ನೀರಿಟ್ಟ. ಗುರುಗಳು ಯಾವಾಗಲೂ ಕುಡಿಯುತ್ತಿದ್ದುದು ಮಣ್ಣಿನ ಹೂಜಿಯ ನೀರು. ಎರಡು ದಿನದಿಂದ ಹೂಜಿ ಕಾಣುತ್ತಿರಲಿಲ್ಲ. ಮೊದಲ ದಿನ ಕೇಳಿದ್ದಕ್ಕೆ ತೊಳೆದು ಬಿಸಿಲಿಗಿಟ್ಟಿದ್ದೇನೆ ಎಂದಿದ್ದ. ಎರಡನೆಯ ದಿನ ಇನ್ನೂ ಒಣಗಿಲ್ಲ ಎಂದಿದ್ದ. ಹೊರಗೆ ಹಂಚು ಸಿಡಿಯುವಂಥ ಬಿಸಿಲು. ಇವತ್ತು ಮೂರನೆಯ ದಿನ. ಗುರುಗಳು ಕೇಳಲಿಲ್ಲ.

ಅವರು ಚೊಂಬನ್ನು ನೋಡಿದರು. ಮರಿಸಿದ್ದಪ್ಪನನ್ನು ನೋಡಿದರು.

“ಕೂತುಕೋ. ಒಂದು ಕತೆ ಹೇಳುತ್ತೇನೆ” ಎಂದರು.

ಪಟ್ಟಣದಲ್ಲಿ ಒಬ್ಬ ಹೂವಾಡಿಗನಿದ್ದ. ನಾಲ್ಕು ಮಹಡಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ, ಕಾಂಪೌಂಡಿನ ನೆರಳಲ್ಲಿ ಹೂವಿನ ಕುಕ್ಕೆ ಇಟ್ಟುಕೊಂಡು ಕೂರುತ್ತಿದ್ದ. ಆ ನೆರಳು ಅವನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಗೇಟಿನ ಮುಂದೆ ಬಾಳೆನಾರು, ಬಾಡಿದ ಹೂವು ಬೀಳುತ್ತದೆ, ಇವನನ್ನು ಎಬ್ಬಿಸಿ ಎಂದು ಅಲ್ಲಿನ ಮನೆಗಳವರೆಲ್ಲ ಸಭೆ ಸೇರಿ ಹೇಳಿದ್ದರು. ಮೂರನೇ ಮಹಡಿಯ ಟೀಚರಮ್ಮ ಒಬ್ಬರೇ ಎದ್ದು ನಿಂತು, “ಅವನು ನಂಬಿಕಸ್ಥ. ಅವನ ಜವಾಬ್ದಾರಿ ನನ್ನದು” ಎಂದಿದ್ದರು. ಆ ಒಂದು ಮಾತಿನ ಮೇಲೆ ಅವನು ಕೂತಿದ್ದ. ಬಿಸಿಲಲ್ಲಿ ಕೂತರೆ ಹನ್ನೊಂದು ಗಂಟೆಗೆ ಮಲ್ಲಿಗೆಯ ಮುಖ ಕಪ್ಪಾಗುತ್ತದೆ. ನೆರಳು ಹೋದರೆ ಹೊಟ್ಟೆಪಾಡೂ ಹೋದ ಹಾಗೆ.

ಟೀಚರಮ್ಮನ ಬಾಲ್ಕನಿಯಲ್ಲಿ ಆರು ತೂಗುಬುಟ್ಟಿಗಳಿದ್ದವು. ಬೀಜ ಹಾಕಿ ತಾವೇ ಬೆಳೆಸಿದ್ದರು. ಗುಲಾಬಿ, ನೇರಳೆ ಬಣ್ಣದ ಹೂವುಗಳು ಬುಟ್ಟಿಯ ಅಂಚು ದಾಟಿ ಕೆಳಗೆ ಇಳಿಬಿದ್ದಿದ್ದವು. ಒಂದು ದಿನ ಅವರು ಬೀಗದ ಕೈ ತಂದು ಹೂವಾಡಿಗನ ಕೈಗಿಟ್ಟರು.

“ಮಗಳ ಹೆರಿಗೆ. ಹದಿನೈದು ದಿನ ಹೋಗಿಬರುತ್ತೇನೆ. ದಿನಾ ಬುಟ್ಟಿಗಳಿಗೆ ನೀರು ಹಾಕಯ್ಯಾ. ಹೂವಿನ ವಿಷಯ ನಿನಗೆ ನಾನು ಹೇಳಿಕೊಡಬೇಕಾ?”

“ನೀವು ನಿಶ್ಚಿಂತೆಯಿಂದ ಹೋಗಿಬನ್ನಿ ಅಮ್ಮಾ. ಮೂವತ್ತು ವರ್ಷದಿಂದ ಇದೇ ಹೂವು, ಇದೇ ನೀರು” ಎಂದ ಹೂವಾಡಿಗ.

ಅವನು ಹೇಳಿದ್ದು ಸುಳ್ಳಲ್ಲ. ಹೂವು ಬಾಡದ ಹಾಗೆ ನೋಡಿಕೊಳ್ಳುವುದರಲ್ಲಿ ಆ ಬೀದಿಯಲ್ಲಿ ಅವನನ್ನು ಮೀರಿಸಿದವರಿಲ್ಲ. ಬೆರಳ ತುದಿಯಿಂದ ನೀರು ಚಿಮುಕಿಸುವನು. ಒದ್ದೆ ಬಟ್ಟೆ ಹೊದಿಸುವನು. ಮೇಲೆ ಬಾಳೆಎಲೆ ಮುಚ್ಚುವನು. ಬೆಳಗಿನ ಕಾಕಡ ಹೂವು ಸಂಜೆಯ ಪೂಜೆಗೂ ನಗುತ್ತಿತ್ತು. ಆದರೆ ಅವನ ಹೂವುಗಳು ಮಾರುಕಟ್ಟೆಗೆ ಬರುವ ಹೊತ್ತಿಗೆ ಬೇರನ್ನು ಎಲ್ಲೋ ತೋಟದಲ್ಲಿ ಬಿಟ್ಟು ಬಂದಿರುತ್ತಿದ್ದವು. ಹೂವಿನ ಕೆಳಗೆ ಬೇರು ಅಂತ ಒಂದು ಇರುತ್ತದೆ ಎಂದು ಅವನು ಕೇಳಿ ಬಲ್ಲ. ಮುಖಪರಿಚಯ ಇರಲಿಲ್ಲ.

ಮೊದಲ ದಿನ ಅವನು ಸ್ಟೂಲು ಹತ್ತಿ, ಚೊಂಬಿಗೆ ಬೆರಳದ್ದಿ, ಆರೂ ಬುಟ್ಟಿಗಳ ಒಂದೊಂದು ಹೂವಿಗೂ ನೀರು ಚಿಮುಕಿಸಿದ. ಪುರೋಹಿತರು ತೀರ್ಥ ಪ್ರೋಕ್ಷಿಸಿದ ಹಾಗೆ. ಮಣ್ಣಿಗೆ ಒಂದು ಹನಿಯೂ ಬೀಳದಂತೆ ಅಂಗೈ ಅಡ್ಡ ಹಿಡಿದ. ಯಾಕೆಂದರೆ ಎರಡನೇ ಮಹಡಿಯಲ್ಲಿ ಒಬ್ಬ ನಿವೃತ್ತ ಕಂಡಕ್ಟರು ಬಾಲ್ಕನಿಯಲ್ಲೇ ಬಿಳಿ ಪಂಚೆ ಒಣಹಾಕುತ್ತಿದ್ದ. ಮೇಲಿನಿಂದ ಕೆಸರು ನೀರು ಬಿದ್ದರೆ ನೋಡು ಎಂದು ಮೊದಲೇ ಕೂಗಿ ಹೇಳಿದ್ದ.

ಎರಡನೆಯ ದಿನ ಹೂವುಗಳು ತಲೆ ಬಾಗಿಸಿದವು. ಇನ್ನೂ ಸ್ವಲ್ಪ ಚಿಮುಕಿಸಿದ. ಮೂರನೆಯ ದಿನ ಎಲೆಗಳೂ ಜೋತುಬಿದ್ದವು. ಒದ್ದೆ ಬಟ್ಟೆ ಹೊದಿಸಿ, ಬಾಳೆಎಲೆ ಸುತ್ತಿ ಬಂದ. ಕೆಳಗಿನಿಂದ ನೋಡಿದರೆ ಆರು ಜನ ಜ್ವರ ಬಂದು ಮುಸುಕು ಹೊದ್ದು ನೇತಾಡುತ್ತಿದ್ದ ಹಾಗಿತ್ತು. ನಾಲ್ಕನೆಯ ದಿನ ಬಟ್ಟೆ ತೆಗೆದ. ಹೂವುಗಳೆಲ್ಲ ಮುದುರಿ, ಮುಟ್ಟಿದರೆ ಉದುರಿದವು.

ಟೀಚರಮ್ಮನ ಫೋನ್ ನಂಬರು ಅವನಲ್ಲಿತ್ತು. ಫೋನು ತೆಗೆದ. ಏನೆಂದು ಹೇಳುವುದು? ಮೂವತ್ತು ವರ್ಷ ಹೂವಿನ ಜೊತೆ ಇದ್ದವನು ಆರು ಬುಟ್ಟಿ ಉಳಿಸಲಾರದೆ ಹೋದೆ ಅಂತಲೇ? ನಂಬಿಕಸ್ಥ ಅಂದ ಬಾಯಲ್ಲಿ ನಾಳೆ ಅವರು ಏನೆಂದಾರು? ಫೋನನ್ನು ಜೇಬಿಗಿಟ್ಟ. ಅದರ ಬದಲು ದಾರದ ಉಂಡೆ ತೆಗೆದ.

ಅವನಿಗೆ ಗೊತ್ತಿದ್ದ ವಿದ್ಯೆ ಕಟ್ಟುವುದು. ಒಣಗಿದ ಕಡ್ಡಿಗಳಿಗೆ ಸೇವಂತಿಗೆ ಕಟ್ಟಿದ. ಅದರ ನಡುವೆ ಕನಕಾಂಬರ ಸಿಕ್ಕಿಸಿದ. ಅಂಚಿಗೆ ಮರುಗ ಇಳಿಬಿಟ್ಟ. ಕೆಳಗಿಳಿದು ತಲೆಯೆತ್ತಿ ನೋಡಿದ. ಬಾಲ್ಕನಿ ಆಯುಧಪೂಜೆಯ ದಿನದ ಆಟೋ ಹಾಗೆ ಮೆರೆಯುತ್ತಿತ್ತು.

ಆದರೆ ಕಟ್ಟಿದ ಹೂವಿಗೆ ಒಂದೇ ದಿನದ ಆಯುಸ್ಸು. ಮರುದಿನ ಮತ್ತೆ ಮೂರು ಮಹಡಿ ಹತ್ತಬೇಕು, ಬಾಡಿದ್ದನ್ನು ಬಿಚ್ಚಬೇಕು, ಹೊಸದು ಕಟ್ಟಬೇಕು. ಮಾರುವುದಕ್ಕೆ ತಂದ ಹೂವಿನಲ್ಲಿ ಅರ್ಧದಷ್ಟು ಆ ತೂಗುಬುಟ್ಟಿಗಳಿಗೇ ಹೋಯಿತು. ಲಿಫ್ಟಿನ ಸದ್ದಾದರೆ ಬೆಚ್ಚಿಬೀಳುತ್ತಿದ್ದ. ಊಟ ಸೇರಲಿಲ್ಲ. ಗಿರಾಕಿ ಎರಡು ಮೊಳ ಎಂದರೆ ನಾಲ್ಕು ಮೊಳ ಕೊಡುತ್ತಿದ್ದ.

ಕಂಡಕ್ಟರು ಒಂದು ದಿನ ತನ್ನ ಬಾಲ್ಕನಿಯಿಂದ ಕತ್ತು ಹೊರಳಿಸಿ ಮೇಲೆ ನೋಡಿದ.

“ಏನಪ್ಪಾ, ನಿನ್ನೆ ಅದೇ ಬುಟ್ಟಿಯಲ್ಲಿ ಸೇವಂತಿಗೆ ಇತ್ತು, ಇವತ್ತು ಸುಗಂಧರಾಜ ಬಿಟ್ಟಿದೆ! ಏನು ಗೊಬ್ಬರ ಹಾಕ್ತೀಯ?”

“ಭಕ್ತಿ ಸಾರ್” ಎಂದ ಹೂವಾಡಿಗ.

“ನಮ್ಮ ಮನೆ ಕರಿಬೇವಿಗೂ ಒಂದು ಚೂರು ಭಕ್ತಿ ಹಾಕು. ನಾಲ್ಕು ವರ್ಷದಿಂದ ಮೊಳಕಾಲುದ್ದ ಇದೆ.”

ಹೂವಾಡಿಗನಿಗೆ ನಗು ಬರಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಅವನು ಸ್ಟೂಲಿನ ಮೇಲೆ ನಿಂತಿದ್ದ. ದಾರದ ತುದಿ ಹಲ್ಲಿನಲ್ಲಿ, ಗುಲಾಬಿ ಕೈಯಲ್ಲಿ. ಹಿಂದೆ ಬಾಗಿಲು ತೆರೆಯಿತು. ಟೀಚರಮ್ಮ ಕೈಚೀಲ ಹಿಡಿದು ನಿಂತಿದ್ದರು. ಹೆರಿಗೆ ಬೇಗ ಸುಸೂತ್ರವಾಗಿ ಆಗಿತ್ತು. ಬೀಗರು ಬಂದು ಮನೆ ತುಂಬಿಕೊಂಡಿದ್ದರು. ಇವರು ಬೇಗ ಹೊರಟು ಬಂದಿದ್ದರು.

“ಏನಯ್ಯಾ, ನನ್ನ ಗಿಡಕ್ಕೆ ಹೂ ಮುಡಿಸ್ತಾ ಇದ್ದೀಯಾ?” ಎಂದರು.

ಹೂವಾಡಿಗ ಸ್ಟೂಲಿನಿಂದ ಇಳಿದ. ದಾರ ಇನ್ನೂ ಹಲ್ಲಿನಲ್ಲೇ ಇತ್ತು. ಅದನ್ನು ತೆಗೆದು ಮಡಿಸಿ ಜೇಬಿಗಿಟ್ಟ. ಅಷ್ಟರಲ್ಲಿ ಒಂದು ಸುಳ್ಳು ಹೊಳೆಯಬಹುದು ಎಂದುಕೊಂಡಿದ್ದ. ಹೊಳೆಯಲಿಲ್ಲ.

“ಅಮ್ಮಾ, ಎಲ್ಲಾ ಸತ್ತುಹೋದವು. ನಾನೇ ಕೊಂದೆ. ಆದರೆ ದಿನಾ ನೀರು ಹಾಕಿದ್ದೇನೆ. ಕಟ್ಟುವ ಕೈ ಮೇಲೆ ಆಣೆ, ಒಂದು ದಿನವೂ ತಪ್ಪಿಸಿಲ್ಲ.”

“ಎಲ್ಲಿಗೆ ಹಾಕಿದೆ?”

“ಹೂವಿಗೆ.”

“ಮಣ್ಣಿಗೆ?”

“ಮಣ್ಣಿಗ್ಯಾಕಮ್ಮಾ? ಬಾಡೋದು ಹೂವಲ್ಲವಾ?”

ಟೀಚರಮ್ಮ ಅವನ ಮುಖವನ್ನೇ ನೋಡಿದರು. ಆಮೇಲೆ ಅದೇ ಸ್ಟೂಲಿನ ಮೇಲೆ ಕುಸಿದು ಕೂತರು. ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡು ಹೂವಾಡಿಗ ಬೀಗದ ಕೈಯನ್ನು ಅವರ ಕಾಲ ಬಳಿ ಇಟ್ಟ. ಅವರ ಭುಜ ಕುಲುಕುತ್ತಿತ್ತು. ಸೆರಗು ತೆಗೆದಾಗ ನೋಡಿದರೆ ನಗು. ಕಣ್ಣಲ್ಲಿ ನೀರು ಬರುವಷ್ಟು ನಗು.

“ಅಯ್ಯೋ ಪುಣ್ಯಾತ್ಮಾ! ಹೋಗು, ಬಚ್ಚಲಿನಿಂದ ಬಕೆಟ್ ತುಂಬಿಸಿಕೊಂಡು ಬಾ” ಎಂದರು.

ಅವರು ಒಂದು ಬುಟ್ಟಿಯನ್ನು ಕೊಕ್ಕೆಯಿಂದ ಬಿಡಿಸಿದರು. ಕಟ್ಟಿದ ಹೂವನ್ನೆಲ್ಲ ಬಿಚ್ಚಿ ಪಕ್ಕಕ್ಕಿಟ್ಟರು. ಮಣ್ಣು ಕಲ್ಲಾಗಿತ್ತು. ಬುಟ್ಟಿಯನ್ನು ಹಾಗೇ ಬಕೆಟ್ಟಿನ ನೀರಿಗೆ ಇಳಿಸಿದರು. ಬುಳುಬುಳು ಎಂದು ಗುಳ್ಳೆಗಳೆದ್ದವು. ಹೂವಾಡಿಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ. ಗುಳ್ಳೆ ನಿಂತ ಮೇಲೆ ಅವರು ಒಂದು ಕಡ್ಡಿಯನ್ನು ಬುಡದಲ್ಲಿ ಉಗುರಿನಿಂದ ಗೀರಿದರು. ಒಳಗೆ ಹಸಿರಿತ್ತು.

“ನೋಡು, ಜೀವ ಇದೆ. ಹೂವು ಹೋಗಿದೆ, ಗಿಡ ಹೋಗಿಲ್ಲ. ದಿನಾ ಮಣ್ಣಿಗೆ ಬೆರಳಿಟ್ಟು ನೋಡು. ಒಣಗಿದ್ದರೆ ಅಲ್ಲಿಗೆ ನೀರು ಹಾಕು. ಹೂವಿನ ತಂಟೆಗೆ ಹೋಗಬೇಡ.”

“ಇಷ್ಟೇನಾ ಅಮ್ಮಾ?”

“ಇಷ್ಟೇ.”

ಇಷ್ಟಕ್ಕಾಗಿ ಐದು ದಿನ ಅನ್ನ ಬಿಟ್ಟೆನೇ ಎಂದು ಹೂವಾಡಿಗನಿಗೆ ಅನಿಸಿತು. ಆ ಕ್ಷಣದಲ್ಲೇ ಹಸಿವಾಯಿತು. ಉಳಿದ ಬುಟ್ಟಿಗಳನ್ನೂ ಒಂದೊಂದಾಗಿ ಹಾಗೇ ನೆನೆಸಿ ನೋಡಿದರು. ಆರನೆಯದರಲ್ಲಿ ಮಾತ್ರ ಯಾವ ಕಡ್ಡಿ ಗೀರಿದರೂ ಹಸಿರು ಕಾಣಲಿಲ್ಲ. ಟೀಚರಮ್ಮ ಅದನ್ನು ಕೆಳಗಿಟ್ಟರು.

“ನಾಲ್ಕನೆಯ ದಿನ ಒಂದು ಫೋನ್ ಮಾಡಿದ್ದರೆ ಇದೂ ಉಳಿಯುತ್ತಿತ್ತು ಕಣಯ್ಯಾ” ಎಂದರು.

ಹೂವಾಡಿಗ ಬಾಗಿಲವರೆಗೆ ಹೋಗಿ ನಿಂತ. ತಿರುಗಿ ಕೇಳಿದ.

“ಅಮ್ಮಾ, ಗೇಟಿನ ಹತ್ತಿರದ ಜಾಗ?”

“ಎಲ್ಲಿಗೆ ಹೋಗುತ್ತೆ? ಅಲ್ಲೇ ಇರುತ್ತೆ. ನಾಳೆ ಎರಡು ಮೊಳ ಮಲ್ಲಿಗೆ ತಂದುಕೊಡು. ನನಗೆ. ಗಿಡಕ್ಕಲ್ಲ.”

ಅವನು ಲಿಫ್ಟಿಗೆ ಕಾಯಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಕೆಳಗೆ ಕಂಡಕ್ಟರು ಎದುರಾಗಿ, “ಏನಪ್ಪಾ, ಭಕ್ತಿ ಮುಗೀತಾ?” ಎಂದ. “ಮುಗೀತು ಸಾರ್. ಇನ್ನು ನೀರು” ಎಂದು ಹೂವಾಡಿಗ ಹೊಟ್ಟೆತುಂಬ ನಕ್ಕ. ಆ ದಿನ ಎರಡು ಮೊಳ ಕೇಳಿದವರಿಗೆ ಎರಡೇ ಮೊಳ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮರಿಸಿದ್ದಪ್ಪ ನೆಲದ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದ.

“ನಾಲ್ಕನೆಯ ದಿನವೇ ಹೇಳಿದ್ದರೆ ಆಯಮ್ಮ ಬೈಯುತ್ತಿರಲಿಲ್ಲವೇ ಬುದ್ಧಿ?” ಎಂದು ಕೇಳಿದ.

“ಬೈಯುತ್ತಿದ್ದರೋ ಏನೋ. ಅವನು ಊಟವನ್ನಂತೂ ಮಾಡುತ್ತಿದ್ದ.”

ಗುರುಗಳು ಚೊಂಬು ಎತ್ತಿ ನೀರು ಕುಡಿದರು. ಅಂಗವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು. ಚೊಂಬನ್ನು ಅವನ ಕಡೆಗೆ ಸರಿಸಿದರು.

“ಹಿತ್ತಲಲ್ಲಿ ಹೂತಿಟ್ಟಿದ್ದೀಯಲ್ಲ ಹೂಜಿಯ ಚೂರು, ಮೊದಲು ಅದನ್ನು ಅಗೆದು ತೆಗೆದುಬಿಡು ಮರಿಸಿದ್ದಪ್ಪಾ, ನೀನು ದಿನಾ ಬರಿಗಾಲಲ್ಲಿ ಓಡಾಡುವ ಜಾಗ ಅದು” ಎಂದರು.