ಗೋಡೆಗೆ ಒರಗಿಸಿಟ್ಟ ಎರಡು ಮೋಟಾರು

"ಬುದ್ಧಿ, ಜತೆಯವನು ಕೆಟ್ಟಿದ್ದಾನೆ ಎಂದು ಖಚಿತವಾದ ಮೇಲೆ ಅವನನ್ನು ಬಿಡುವುದು ತಪ್ಪೇ?" ಎಂದು ಮರುಳಸಿದ್ಧ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತಿದ್ದರು. ಮರುಳಸಿದ್ಧನ ಜೇಬಿನಲ್ಲಿ ಪಾಲುಪತ್ರವಿತ್ತು. ಅವನೂ ಅವನ ತಮ್ಮ ರೇಣುಕಪ್ಪನೂ ಆರು ವರ್ಷ ಒಟ್ಟಿಗೆ ನಡೆಸಿದ ಹಿಟ್ಟಿನ ಗಿರಣಿ ನಾಳೆ ಒಬ್ಬನದಾಗುವುದಿತ್ತು. ಸಹಿಗೆ ಮುಂಚೆ ಗುರುಗಳ ಬಾಯಿಂದ ಒಂದು 'ಹೂಂ' ಬೇಕಿತ್ತು, ಅಷ್ಟೆ.

"ಖಚಿತವಾದದ್ದು ಹೇಗೆ?"

"ಹೇಳಿ ಕಳಿಸಿದ ಒಂದು ಕೆಲಸವೂ ಆಗುವುದಿಲ್ಲ, ಬುದ್ಧಿ. ಬೀಸುವ ಕಲ್ಲು ಸವೆದಿದೆ, ಕುಟ್ಟಿಸು ಎಂದು ಆಳಿನ ಕೈಲಿ ಮೂರು ಸಲ ಹೇಳಿಸಿದೆ. ಹಿಟ್ಟು ಇನ್ನೂ ತರಿತರಿಯಾಗಿಯೇ ಬೀಳುತ್ತಿದೆ. ಮೊದಲು ಭಾವಮೈದುನ ಜತೆಗಿದ್ದಾಗಲೂ ಹೀಗೇ ಆಯಿತು. ಅವನನ್ನು ಬಿಟ್ಟು ತಮ್ಮನನ್ನು ಸೇರಿಸಿಕೊಂಡೆ, ಗಿರಣಿ ಸರಿಹೋಯಿತು. ಈಗ ಇವನೂ ಕೆಟ್ಟ."

ಗುರುಗಳು ಕತೆ ಹೇಳಿದರು.

ಒಬ್ಬ ಗೃಹಸ್ಥನಿದ್ದ. ತನ್ನ ಮನೆಯ ರಿಪೇರಿಗೆ ಬೇರೆಯವರ ಕೈ ಸೋಕಿಸಿದವನಲ್ಲ. ನಲ್ಲಿಯ ವಾಷರ್ ಅವನೇ ಹಾಕುತ್ತಿದ್ದ, ಫ್ಯೂಸ್ ಅವನೇ ಕಟ್ಟುತ್ತಿದ್ದ, ಕಾರಿನ ಆಯಿಲನ್ನೂ ಅವನೇ ಬದಲಿಸುತ್ತಿದ್ದ. ಕೆಲಸ ಅಚ್ಚುಕಟ್ಟು. ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿಡುತ್ತಿದ್ದ. ಹೆಂಡತಿಯ ಕೆಲಸ ಟಾರ್ಚು ಹಿಡಿಯುವುದು.

ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟ್ ಆಗಲಿಲ್ಲ. 'ಟಿಕ್' ಎಂದಿತು, ಅಷ್ಟೆ. ಅವನು ಹಾರನ್ ಒತ್ತಿದ. ಜೋರಾಗಿ ಕೂಗಿತು. ಬ್ಯಾಟರಿ ಸರಿಯಿದೆ, ಹಾಗಾದರೆ ಕೆಟ್ಟದ್ದು ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರೇ ಎಂದು ತೀರ್ಮಾನಿಸಿದ. ಹನ್ನೆರಡು ವರ್ಷ ದುಡಿದ ಮೋಟಾರು, ಇನ್ನೆಷ್ಟು ದಿನ ಬಂದೀತು?

ಹೊಸದು ತಂದ. ನಿಯಮ ಬಲ್ಲವನು. ಮೊದಲು ಬ್ಯಾಟರಿಯ ಕಪ್ಪು ತಂತಿ ಬಿಚ್ಚಿದ. ಆಮೇಲೆ ಕಾರಿನಡಿ ಮಲಗಿ, ತುಕ್ಕು ಹಿಡಿದ ಬೋಲ್ಟಿನೊಡನೆ ಅರ್ಧ ದಿನ ಗುದ್ದಾಡಿ, ಬೆರಳಿನ ಗೆಣ್ಣು ತರಚಿಕೊಂಡು, ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದ. ಕೊನೆಗೆ ಕಪ್ಪು ತಂತಿ ಹಾಕಲು ಹೋದರೆ ಅದರ ಬಾಯಿಗೆ ಬಿಳಿ ಹಿಟ್ಟು ಕಟ್ಟಿತ್ತು, ಸರಿಯಾಗಿ ಕೂರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ ಬಿಗಿದ. ಕೀಲಿ ತಿರುಗಿಸಿದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಹಳೆಯ ಮೋಟಾರನ್ನು ಹಿತ್ತಿಲ ಗೋಡೆಗೆ ಒರಗಿಸಿಟ್ಟ.

ಮರುಳಸಿದ್ಧನಿಗೆ ಸಮಾಧಾನವಾಯಿತು. ಕತೆ ತನ್ನ ಕಡೆಗೇ ಇದೆ ಎನಿಸಿತು. ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

ಗುರುಗಳು ಮುಂದುವರಿಸಿದರು.

ಒಂದೂವರೆ ವರ್ಷ ಕಳೆಯಿತು. ಮತ್ತೆ ಒಂದು ಬೆಳಿಗ್ಗೆ 'ಟಿಕ್'. ಹಾರನ್ ಕೂಗಿತು. "ಈಗಿನ ಸಾಮಾನೇ ಇಷ್ಟು" ಎಂದು ಬೈದು, ಅವನು ಇನ್ನೊಂದು ಮೋಟಾರು ತಂದ. ಮೊದಲು ಕಪ್ಪು ತಂತಿ ಬಿಚ್ಚಿದ, ಕೊನೆಗೆ ಉಜ್ಜಿ ಹಾಕಿದ. ಕಾರು ಸ್ಟಾರ್ಟ್ ಆಯಿತು. ಗೋಡೆಗೆ ಎರಡು ಮೋಟಾರು ಒರಗಿದವು.

ಮೂರನೆಯ ಸಲವೂ 'ಟಿಕ್' ಎಂದಾಗ ಅವನು ಸ್ಪ್ಯಾನರ್ ಹಿಡಿದು ಬಂದು ಕಪ್ಪು ತಂತಿ ಬಿಚ್ಚಿದ. ಟಾರ್ಚು ಹಿಡಿದಿದ್ದ ಹೆಂಡತಿ, "ರೀ, ಸ್ವಲ್ಪ ನಿಲ್ಲಿ. ಅದನ್ನು ಉಜ್ಜಿ ಅಲ್ಲೇ ಹಾಕಿ. ಇವತ್ತು ಇನ್ನೇನೂ ಮುಟ್ಟಬೇಡಿ" ಎಂದಳು.

"ಮೋಟಾರು ಕೆಟ್ಟರೆ ತಂತಿ ಉಜ್ಜಬೇಕೇನೇ? ತಲೆ ನೋಯುತ್ತದೆ ಅಂದರೆ ಕಾಲು ತೊಳೆದುಕೋ ಅಂದ ಹಾಗಾಯ್ತು."

"ಹೂಂ, ಇವತ್ತೊಂದು ದಿನ ಕಾಲೇ ತೊಳೆಯಿರಿ. ಎರಡು ಸಲ ನೋಡಿದ್ದೇನೆ, ಬಿಳಿ ಹಿಟ್ಟು ಉದುರಿದ ಮೇಲೇ ಗಾಡಿ ಎದ್ದದ್ದು."

ಅವಳ ಬಾಯಿ ಮುಚ್ಚಿಸಲೆಂದೇ ಅವನು ಉಜ್ಜಿದ. ಬಿಗಿದ. ಕೀಲಿ ತಿರುಗಿಸಿದ. ಕಾರು ಸ್ಟಾರ್ಟ್ ಆಯಿತು. ಆರಿಸಿ ಮತ್ತೆ ತಿರುಗಿಸಿದ. ಮತ್ತೆ ಆಯಿತು. ಹಾರನ್ ಕೂಗಲು ಬೇಕಾದಷ್ಟು ಕರೆಂಟು ಆ ಹಿಟ್ಟಿನ ನಡುವೆಯೂ ನುಸುಳುತ್ತಿತ್ತು. ಎಂಜಿನ್ ಎತ್ತಲು ಬೇಕಾದಷ್ಟು ನುಸುಳುತ್ತಿರಲಿಲ್ಲ.

ಅವನು ಹಿತ್ತಿಲಿಗೆ ಹೋದ. ಗೋಡೆಗೆ ಒರಗಿದ್ದ ಮೊದಲ ಮೋಟಾರನ್ನು ಎತ್ತಿ ತಂದು ಬ್ಯಾಟರಿಗೆ ತಾಗಿಸಿದ. ಮೂರು ಮಳೆಗಾಲ ನೆನೆದಿದ್ದ ಮೋಟಾರು. ಎರಡು ಸಲ ಕೆಮ್ಮಿತು. ಮೂರನೆಯದಕ್ಕೆ ಗುಂಯ್ ಎಂದು ತಿರುಗಿತು. ಹೆಂಡತಿ ಟಾರ್ಚು ಆರಿಸಿ ಒಳಗೆ ಹೋದಳು.

ಕತೆ ಅಲ್ಲಿಗೇ ನಿಂತಿತು. ಮರುಳಸಿದ್ಧನ ಕೈ ಇನ್ನೂ ಜೇಬಿನ ಮೇಲಿತ್ತು. ಒಳಗಿನ ಪತ್ರ ಬೆರಳಿಗೆ ಬಿರುಸಾಗಿ ತಾಗುತ್ತಿತ್ತು. ಭಾವಮೈದುನ ಗಿರಣಿಯ ಮೆಟ್ಟಿಲಿಳಿದು ಹೋದ ದಿನ ನೆನಪಾಯಿತು. ಏನೋ ಹೇಳಲು ತಿರುಗಿ ನಿಂತಿದ್ದ; ತಾನು ಬೆಲ್ಟು ಬಿಗಿಯುವ ನೆಪದಲ್ಲಿ ಬಗ್ಗಿಕೊಂಡಿದ್ದ.



"ಆದರೆ ಬುದ್ಧಿ, ನನ್ನ ತಮ್ಮ ಮೋಟಾರಲ್ಲವಲ್ಲ."

"ಅಲ್ಲ," ಎಂದರು ಗುರುಗಳು. "ಅವನ ಜತೆ ಮಾತು ಬಿಟ್ಟು ಎಷ್ಟು ದಿನವಾಯಿತು?"