ಹುಲಿರಾಯರು ಬರುವ ತನಕ

ಕಾಡಿಗೆ ಬೆಂಕಿ ಬಿದ್ದಾಗ ಗಂಡು ಮಂಗಟ್ಟೆ ಹಕ್ಕಿ ಎದ್ದೆನೋ ಬಿದ್ದೆನೋ ಎಂದು ಆನೆಯ ಬಳಿಗೆ ಹಾರಿತು. ಆನೆ ಸೊಂಡಿಲ ತುಂಬ ನೀರು ಹಿಡಿದು ಹಳ್ಳದ ದಡದಲ್ಲೇ ನಿಂತಿತ್ತು.

"ಆನೆಯಣ್ಣಾ, ನನ್ನವಳು ಪೊಟರೆಯ ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಮೊಟ್ಟೆಗೆ ಕಾವು ಕೊಡುತ್ತಿದ್ದಾಳೆ. ಹೊರಗೆ ಬರಲಾರಳು. ಬೇಗ ಬನ್ನಿ!"

"ನಾನಂತೂ ಸಿದ್ಧ. ಆದರೆ ಬೆಂಕಿ ಆರಿಸುವ ಕಾರ್ಯಕ್ಕೆ ಹುಲಿರಾಯರೇ ಚಾಲನೆ ಕೊಡಬೇಕು. ಹೊರಟಿದ್ದಾರಂತೆ."

ಬೆಂಕಿಗೆ ಯಾರೂ ಆಹ್ವಾನ ಪತ್ರಿಕೆ ಕೊಟ್ಟಿರಲಿಲ್ಲ, ಅದು ಕಾಯಲಿಲ್ಲ. ಮಂಗಟ್ಟೆ ಒಂಟಿಯಾಗಿ ಹೋಗಿ ಆ ಮಣ್ಣನ್ನು ಕುಕ್ಕಿತು. ಕೊಕ್ಕು ಸೀಳಿತೇ ಹೊರತು ಬಾಗಿಲು ಒಡೆಯಲಿಲ್ಲ.

ಹುಲಿರಾಯರು ಬಂದಾಗ ಕಾಡು ಕರಕಲಾಗಿತ್ತು. ಅವರ ಪಾದಕ್ಕೆ ಬೂದಿ ಮೆತ್ತಬಾರದೆಂದು ಆನೆ ಸೊಂಡಿಲ ನೀರನ್ನೆಲ್ಲ ದಾರಿಗೆ ಚಿಮುಕಿಸಿತು.

"ತಡವಾಗಲಿಲ್ಲ ತಾನೇ?" ಎಂದರು ಹುಲಿರಾಯರು.

"ಇಲ್ಲ ಬುದ್ಧೀ," ಎಂದಿತು ಮಂಗಟ್ಟೆ. "ಬೂದಿ ಇನ್ನೂ ಬೆಚ್ಚಗಿದೆ."