ಮಾಚಲೆಯ ಕೂಡುಜಡೆ

ಹೊಳೆಯ ತಿರುವಿನಲ್ಲಿ, ಹೊಂಗೆಯ ಮರಗಳ ನೆರಳಿನಲ್ಲಿ, ನಾಗಿಯಬ್ಬೆಯೆಂಬ ವೃದ್ಧ ತಪಸ್ವಿನಿಯ ಆಶ್ರಮವಿತ್ತು. ಅಲ್ಲಿ ಓದುತ್ತಿದ್ದವರೆಲ್ಲ ಹೆಣ್ಣುಮಕ್ಕಳು.

ಆ ಆಶ್ರಮದಲ್ಲಿ ಕನ್ನಡಿಯಿರಲಿಲ್ಲ. ಬೆಳಗಿನ ಸ್ನಾನ ಮುಗಿದೊಡನೆ ಶಿಷ್ಯೆಯರು ಹೊಳೆಯ ಮೆಟ್ಟಿಲುಗಳ ಮೇಲೆ ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವರು. ಮೇಲಿನ ಮೆಟ್ಟಿಲಿನವಳು ಕೆಳಗಿನ ಮೆಟ್ಟಿಲಿನವಳ ತಲೆ ಬಾಚಿ ಹೆಣೆಯುವಳು. ಎಲ್ಲರಿಗಿಂತ ಮೇಲೆ ಕುಳಿತವಳು ಕಡೆಗೆ ಇಳಿದುಬಂದು ತಾನೂ ಒಬ್ಬಳಿಗೆ ಬೆನ್ನು ಕೊಡುವಳು. ತಲೆ ಬಿಚ್ಚಿಕೊಂಡು ಪಾಠಕ್ಕೆ ಕೂರುವಂತಿರಲಿಲ್ಲ.

ಅವರು ಹೆಣೆಯುತ್ತಿದ್ದುದು ಕೂಡುಜಡೆ. ನೆತ್ತಿಯಲ್ಲಿ ಮೂರು ಎಳೆ ಹಿಡಿದು, ಪ್ರತಿ ಹೆಣಿಗೆಗೂ ಪಕ್ಕದಿಂದ ಹೊಸ ಕೂದಲನ್ನು ಕೂಡಿಸಿಕೊಳ್ಳುತ್ತ, ತಲೆಗೆ ಅಂಟಿಕೊಂಡೇ ಕೊರಳಿನತ್ತ ಇಳಿಯುವ ಜಡೆ ಅದು. ನೀರು ಹೊತ್ತರೂ ಸೌದೆ ಹೊತ್ತರೂ ಬಿಚ್ಚಿಕೊಳ್ಳದು.

ಆ ವಿದ್ಯೆಯಲ್ಲಿ ಮಾಚಲೆಯೆಂಬ ಶಿಷ್ಯೆಯನ್ನು ಮೀರಿಸಿದವರಿರಲಿಲ್ಲ. ಅವಳ ಕೆಳಗಿನ ಮೆಟ್ಟಿಲಿಗಾಗಿ ಕಿರಿಯರು ಜಗಳವಾಡುತ್ತಿದ್ದರು. ಓದಿನಲ್ಲಿಯೂ ಅವಳು ಮುಂದು. ಅದು ಅವಳಿಗೂ ತಿಳಿದಿತ್ತು.

ಒಂದು ವೈಶಾಖದಲ್ಲಿ ಹೊಳೆಯಾಚೆಯ ಕಲ್ಲುಕೊಳ್ಳದ ಹಿರಿಯರು ಬಂದು, ತಮ್ಮೂರಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಒಬ್ಬ ಶಿಷ್ಯೆಯನ್ನು ಕಳುಹಿಸಬೇಕೆಂದು ಬೇಡಿಕೊಂಡರು. ಹಿಂದೆಯೂ ಬಂದಿದ್ದರು, ಬರಿಗೈಯಲ್ಲಿ ಮರಳಿದ್ದರು. ಮಳೆ ಹಿಡಿದರೆ ದೋಣಿ ನಿಲ್ಲುತ್ತದೆ, ಆಮೇಲೆ ಮುಂದಿನ ಸುಗ್ಗಿಯವರೆಗೆ ದಾರಿಯಿಲ್ಲ ಎಂದು ಅವರಲ್ಲಿ ಒಬ್ಬರು ತಲೆ ತಗ್ಗಿಸಿ ಹೇಳಿದರು.

ಮಾಚಲೆ ಆ ರಾತ್ರಿ ಉಣ್ಣಲಿಲ್ಲ. ಆ ಊರಿಗೆ ತಾನು ಹೋಗಬೇಕು; ಅದೊಂದೇ ಅವಳ ಮನಸ್ಸಿನಲ್ಲಿತ್ತು. ಬೆಳಗಾದೊಡನೆ ಗುರುವಿನ ಮುಂದೆ ನಿಂತು ಕೇಳಿಕೊಂಡಳು.

ನಾಗಿಯಬ್ಬೆ ಕೇಳಿದಳು:

"ಅಲ್ಲಿ ನಿನ್ನ ಜಡೆಯನ್ನು ಯಾರು ಹೆಣೆಯುತ್ತಾರೆ?"

ಊರಿನ ಹೆಂಗಸರಲ್ಲಿ ಯಾರಾದರೂ ಹೆಣೆದಾರು ಎಂದಳು ಮಾಚಲೆ.

"ಪಾಠ ಹೇಳುವವಳ ತಲೆಯನ್ನು ಮುಟ್ಟಲು ಅವರಿಗೆ ಕೈ ಬಾರದು. ಕಾಲು ಮುಟ್ಟುತ್ತಾರೆ, ಅಷ್ಟೇ. ನಿನ್ನ ಕೂಡುಜಡೆಯನ್ನು ನೀನೇ ಹೆಣೆದುಕೊಂಡು ಬಾ. ಆ ದಿನ ದೋಣಿ ಹತ್ತು. ಮಳೆ ಮೊದಲು ಬಂದರೆ, ಈ ವರ್ಷ ಯಾರೂ ಹೋಗುವುದು ಬೇಡ."

ಮಾಚಲೆ ಒಳಗೊಳಗೇ ನಕ್ಕಳು. ಇಷ್ಟು ಜನರ ತಲೆ ಹೆಣೆದವಳಿಗೆ ತನ್ನದೊಂದು ತಲೆ ಕಷ್ಟವೇ?

ಕಷ್ಟವಾಯಿತು. ಇನ್ನೊಬ್ಬಳ ಹಿಂದೆ ಕುಳಿತಾಗ ಎಂದೂ ತಪ್ಪದ ಬೆರಳುಗಳು ತನ್ನ ತಲೆಯ ಹಿಂದೆ ಹೋದೊಡನೆ ದಾರಿ ತಪ್ಪಿದವು. ಅಂಗೈಗಳು ತಿರುಗಿ ನಿಂತವು. ಯಾವ ಎಳೆ ನಡುವಿನದು, ಯಾವುದು ಈಗಷ್ಟೇ ದಾಟಿದ್ದು ತಿಳಿಯಲಿಲ್ಲ. ತೋಳು ಸೋತು ಒಮ್ಮೆ ಕೆಳಗಿಳಿಸಿದರೆ ಅಲ್ಲಿಯವರೆಗಿನ ಹೆಣಿಗೆಯೆಲ್ಲ ಹೆಗಲ ಮೇಲೆ ಸುರಿಯುತ್ತಿತ್ತು.

ಅವಳು ಉಪಾಯ ಹುಡುಕಿದಳು. ಅಡುಗೆಮನೆಯ ತಾಮ್ರದ ತಟ್ಟೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಹಿಂದಿನ ಕಂಬಕ್ಕೆ ಒರಗಿಸಿ, ಮುಂದೆ ಹರಿವಾಣದಲ್ಲಿ ನೀರು ತುಂಬಿಟ್ಟು, ನೀರಿನಲ್ಲಿ ತಟ್ಟೆಯನ್ನೂ ತಟ್ಟೆಯಲ್ಲಿ ತನ್ನ ನೆತ್ತಿಯನ್ನೂ ಕಾಣಲು ಹೆಣಗಿದಳು. ಕಂಡದ್ದು ತಟ್ಟೆಯ ಅಂಚು ಮಾತ್ರ.

ನಾಗಿಯಬ್ಬೆ ಬಂದು ನಿಂತಳು. ತಟ್ಟೆಯನ್ನು ಕೈಗೆತ್ತಿಕೊಂಡು, ಇಷ್ಟು ಚೆನ್ನಾಗಿ ಎಂದೂ ಬೆಳಗಿರಲಿಲ್ಲವೆಂದು ಮೆಚ್ಚಿ, ಅಡುಗೆಮನೆಗೆ ಒಯ್ದಳು. ಆ ಮಧ್ಯಾಹ್ನ ಅದರಲ್ಲಿಯೇ ಮಾಚಲೆಗೆ ಅನ್ನ ಬಡಿಸಲಾಯಿತು.

ಮಾರನೆಯ ದಿನ ಅವಳು ಕೂದಲನ್ನೆಲ್ಲ ಒಂದು ಹೆಗಲ ಮೇಲಿಂದ ಮುಂದಕ್ಕೆ ತಂದು, ಕಣ್ಣೆದುರಿನಲ್ಲಿಯೇ ನೀಟಾಗಿ ಹೆಣೆದು, ಗುರುವಿನೆದುರು ಕುಳಿತಳು.

"ಇದು ನಿನ್ನ ಕಣ್ಣು ಹೆಣೆದ ಜಡೆ," ಎಂದಳು ನಾಗಿಯಬ್ಬೆ. "ಕಣ್ಣು ತಲುಪದ ಕಡೆಯಲ್ಲಿ ಏನು ಮಾಡುವೆ?"

ಮಾಚಲೆ ಜಡೆ ಬಿಚ್ಚಿದಳು.

ಆಮೇಲೆ ಅವಳು ಒಂದು ಸೂತ್ರ ಕಟ್ಟಿದಳು. ಬಲವು ನಡುವನ್ನು ದಾಟಲಿ, ಕೂಡಿಸಿಕೊಳ್ಳಲಿ. ಎಡವು ನಡುವನ್ನು ದಾಟಲಿ, ಕೂಡಿಸಿಕೊಳ್ಳಲಿ. ಸೂತ್ರದಲ್ಲಿ ದೋಷವಿರಲಿಲ್ಲ. ಕಿರಿಯರು ಅದನ್ನು ಕಲಿತು ಹಾಡುತ್ತ ತಿರುಗಿದರು. ಮಾಚಲೆಯ ತಲೆ ಮಾತ್ರ ಹಕ್ಕಿ ಬಿಟ್ಟುಹೋದ ಗೂಡಿನಂತೆಯೇ ಇತ್ತು.

ಪಡುವಣದಲ್ಲಿ ಮೋಡ ಕಾಣಿಸಿಕೊಂಡಿತು. ದೋಣಿಯವನು ಬಂದು, ಇನ್ನು ಹೆಚ್ಚು ದಿನ ಕಾಯಲಾರೆನೆಂದು ತಿಳಿಸಿ ಹೋದ. ಅಂದು ಸಂಜೆ ಮಾಚಲೆ ಗುರುವಿನ ಬಳಿ ಕುಳಿತು ಕಣ್ಣೀರಿಟ್ಟಳು. ನಾಗಿಯಬ್ಬೆಯದು ಬೋಳಿಸಿದ ನೆತ್ತಿ. ಅವಳು ಮಾಡಿ ತೋರಿಸುವಂತೆಯೂ ಇರಲಿಲ್ಲ.

"ನಾನು ಎಲ್ಲವನ್ನೂ ಬಲ್ಲೆ, ಅಬ್ಬೆ. ಆದರೂ ಬರುತ್ತಿಲ್ಲ."

"ನೀನು ಬಲ್ಲದ್ದು ಇನ್ನೊಬ್ಬರ ತಲೆಯನ್ನು. ನಾಳೆ ಬೆಳಿಗ್ಗೆ ಮೆಟ್ಟಿಲಿಗೆ ಬಾ. ಜಕ್ಕಲೆಯ ಕೆಳಗೆ ಕೂರು."

ಮಾಚಲೆಯ ಮುಖ ಸಪ್ಪಗಾಯಿತು.

ಜಕ್ಕಲೆ ಆಶ್ರಮದ ಹಿರಿಯ ಶಿಷ್ಯೆ, ಎಡಗೈಯವಳು. ಗೋಶಾಲೆಯ ಹಗ್ಗ ಹೊಸೆಯುವುದು ಅವಳ ಕೆಲಸ. ತಲೆಗೂದಲನ್ನೂ ಹಗ್ಗದಂತೆಯೇ ಎಳೆಯುತ್ತಿದ್ದಳು. ಮಾಚಲೆ ಆಶ್ರಮಕ್ಕೆ ಬಂದಂದಿನಿಂದ ಎಷ್ಟೋ ವರ್ಷ ಅವಳ ಕೆಳಗಿನ ಮೆಟ್ಟಿಲಿನಲ್ಲಿಯೇ ಕುಳಿತಿದ್ದಳು. ಕಡೆಗೆ ಒಂದು ದಿನ ಗುರುವಿಗೆ ದೂರು ಹೇಳಿ ಜಾಗ ಬದಲಾಯಿಸಿಕೊಂಡಿದ್ದಳು. ಅಂದಿನಿಂದ ಮಾಚಲೆಯ ತಲೆ ಕಂಚವ್ವೆಯೆಂಬ ಇನ್ನೊಬ್ಬ ಶಿಷ್ಯೆಯ ಪಾಲಾಗಿತ್ತು. ಕಂಚವ್ವೆಯ ಕೈ ಹೂವಿನಂತಹುದು. ಅವಳು ಹೆಣೆಯುವಾಗ ಮಾಚಲೆಗೆ ಜೊಂಪು ಹತ್ತುತ್ತಿತ್ತು.

ಮರುದಿನ ಮಾಚಲೆ ಬಂದು ಕುಳಿತೊಡನೆ ಮೇಲಿನಿಂದ ಮಾತು ಬಿತ್ತು.

"ಬಂದೆಯಾ ತಾಯಿ, ಈ ರಕ್ಕಸಿಯ ಕೈಗೆ? ದೂರು ಹೇಳುವ ನಾಲಗೆಯನ್ನು ಮನೆಯಲ್ಲಿಟ್ಟು ಬಂದೆಯೋ, ತಂದಿರುವೆಯೋ?"

ಮೆಟ್ಟಿಲ ತುಂಬ ನಗೆ ಹರಿಯಿತು.

ಕಣ್ಣು ಮುಚ್ಚಿ ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳಲು ನಾಗಿಯಬ್ಬೆ ಹೇಳಿದಳು. ಮೊದಲು ಕಂಚವ್ವೆ ಹೆಣೆಯಲೆಂದಳು.

"ಅವಳ ಕೈ ಈಗ ಎಲ್ಲಿದೆ?"

ಮಾಚಲೆ ತಡವರಿಸಿದಳು. "ಎಲ್ಲೋ ಇದೆ. ತಿಳಿಯುತ್ತಿಲ್ಲ, ಅಬ್ಬೆ."

ಕಂಚವ್ವೆ ಹೆಣೆದುದನ್ನು ಬಿಚ್ಚಿ ಎದ್ದಳು. ಜಕ್ಕಲೆ ಸೆರಗು ಸಿಕ್ಕಿಸಿ ಮೊದಲ ಎಳೆಯನ್ನು ಹಿಡಿದಳು.

"ಈಗ?"

"ನೆತ್ತಿಯ ನಡುವೆ."

"ಈಗ?"

"ಎಡಗಿವಿಯ ಮೇಲೆ. ಅಲ್ಲಿಂದ ಒಂದು ಎಳೆ ಕೂಡಿಸಿಕೊಂಡಳು. ಈಗ ಅದು ನಡುವಿಗೆ ಬಂತು. ಈಗ ಬಲಗಿವಿ. ಅಯ್ಯೋ, ಜಕ್ಕಲಕ್ಕಾ, ಮೆಲ್ಲಗೆ."

"ನೋಡಿದಿರಾ, ನಾಲಗೆ ತಂದಿದ್ದಾಳೆ," ಎಂದಳು ಜಕ್ಕಲೆ. ಕೈ ಮಾತ್ರ ಸಡಿಲಿಸಲಿಲ್ಲ.

ಮತ್ತೆ ನಗೆಯೆದ್ದಿತು. ಆದರೆ ಮಾಚಲೆ ಅದನ್ನು ಕೇಳಲಿಲ್ಲ. ಕಣ್ಣು ಮುಚ್ಚಿದ್ದ ಅವಳಿಗೆ ತನ್ನ ತಲೆಯ ಹಿಂಭಾಗವು ಜೀವಮಾನದಲ್ಲಿ ಮೊದಲ ಸಲ ಕಾಣಿಸುತ್ತಿತ್ತು. ಪ್ರತಿ ಸೆಳೆತವೂ ತನ್ನ ಠಾವನ್ನು ಹೇಳಿ ಮುಂದಿನದಕ್ಕೆ ದಾರಿ ಬಿಡುತ್ತಿತ್ತು. ಅದು ಹೊಸ ಪಾಠವಾಗಿರಲಿಲ್ಲ. ಪ್ರತಿ ಮುಂಜಾವಿನಲ್ಲೂ, ಅವಳು ಗೊಣಗುತ್ತಿದ್ದಾಗಲೆಲ್ಲ, ಅದೇ ಪಾಠ ಅವಳ ನೆತ್ತಿಯ ಮೇಲೆ ನಡೆದಿತ್ತು.

ನಾಗಿಯಬ್ಬೆ ಹೇಳಿದ್ದು ಇಷ್ಟೇ:

"ನಿನ್ನ ಕೈಗೆ ಏನೂ ಕಲಿಸಬೇಡ. ಅದು ನಿನ್ನ ತಲೆಯನ್ನು ಕೇಳಿಕೊಳ್ಳಲಿ."

ಮರುದಿನ ನಸುಕಿನಲ್ಲಿ ಮಾಚಲೆ ಒಬ್ಬಳೇ ಹೊಳೆಯ ಕಡೆಗೆ ಮುಖ ಮಾಡಿ ಕುಳಿತಳು. ಸೂತ್ರವನ್ನು ಹೇಳಿಕೊಳ್ಳಲಿಲ್ಲ. ಕಣ್ಣು ಮುಚ್ಚಿದಳು. ನೆತ್ತಿಯ ನಡುವೆ ಹಿಡಿದಾಗ, ಮುಂದಿನ ಸೆಳೆತ ಎಲ್ಲಿ ಬರಬೇಕೆಂದು ತಲೆಯೇ ಕಾದಿತ್ತು; ಬೆರಳು ಅಲ್ಲಿಗೆ ಹೋಯಿತು. ತಪ್ಪಿ ಬೇರೆಡೆ ಹಿಡಿದರೆ ತಲೆ ಒಪ್ಪಲಿಲ್ಲ. ಬೆರಳು ಹಿಂದಕ್ಕೆ ಬಂದು ಸರಿಯಾದ ಠಾವನ್ನು ಹುಡುಕಿತು. ತೋಳು ಉರಿಯಿತು, ಇಳಿಸಲಿಲ್ಲ. ಕೊರಳಿನ ಬುಡಕ್ಕೆ ಬಂದಾಗ ಕೂಡಿಸಿಕೊಳ್ಳಲು ಇನ್ನು ಕೂದಲು ಉಳಿದಿರಲಿಲ್ಲ. ಅವಳು ತುದಿಯನ್ನು ನಾರಿನಿಂದ ಕಟ್ಟಿದಳು.

ಹೊತ್ತು ಮೂಡಿದಾಗ ಕಿರಿಯರು ಮಿಂದು ಮೆಟ್ಟಿಲಿಗೆ ಬಂದರು. ಒಬ್ಬಳು ಮಾಚಲೆಯ ಬೆನ್ನ ಹಿಂದೆ ಬಂದು ನಿಂತು ನೋಡಿ, "ಜಕ್ಕಲಕ್ಕ ಇವತ್ತು ಇಷ್ಟು ಬೇಗ ಹೆಣೆದುಬಿಟ್ಟಳೇ?" ಎಂದಳು.

ಜಡೆ ನೆಟ್ಟಗಿರಲಿಲ್ಲ. ಎಡಗೈಯವಳು ಹೆಣೆದಂತೆ ಎಡಕ್ಕೆ ಕೊಂಚ ವಾಲಿತ್ತು.

ಮಾಚಲೆ ಕೈಯೆತ್ತಿ ಆ ವಾಲುವಿಕೆಯನ್ನು ಮುಟ್ಟಿ ನೋಡಿದಳು. ಆಮೇಲೆ ಎದ್ದು ಗೋಶಾಲೆಗೆ ನಡೆದು, ಹಗ್ಗ ಹೊಸೆಯುತ್ತಿದ್ದ ಜಕ್ಕಲೆಯ ಕಾಲಿಗೆರಗಿದಳು.

ಜಕ್ಕಲೆ ಕಾಲನ್ನು ಹಿಂದಕ್ಕೆಳೆದುಕೊಂಡಳು. ಇಷ್ಟು ಫಲ ಬರುವುದೆಂದು ಗೊತ್ತಿದ್ದರೆ ಇನ್ನೂ ಬಿಗಿಯಾಗಿ ಎಳೆಯುತ್ತಿದ್ದೆನೆಂದು ಗದರಿದಳು. ಅಷ್ಟೊಂದು ಬಿಗಿ ಏಕೆಂದು ಮಾಚಲೆ ಮೊದಲ ಬಾರಿಗೆ ಕೇಳಿದಳು.

"ಬಂದ ಹೊಸತರಲ್ಲಿ ನೀನು ಮರ ಹತ್ತುವವಳು. ಮಧ್ಯಾಹ್ನದ ಪಾಠದ ಹೊತ್ತಿಗೆ ಜಡೆ ಬಿಚ್ಚಿರುತ್ತಿತ್ತು, ಹೊರಗೆ ನಿಲ್ಲಿಸುತ್ತಿದ್ದರು. ನೀನು ಬಾಗಿಲಾಚೆ ನಿಂತು ಕಿವಿಗೊಟ್ಟು ಕೇಳುತ್ತಿದ್ದುದನ್ನು ನೋಡಲಾಗುತ್ತಿರಲಿಲ್ಲ. ಅದಕ್ಕೇ."

ಮಾಚಲೆಗೆ ಅದು ನೆನಪಿರಲಿಲ್ಲ. ಹೊರಗೆ ನಿಂತದ್ದೂ, ಒಂದು ದಿನದಿಂದ ಮುಂದೆ ಹೊರಗೆ ನಿಲ್ಲದೆ ಹೋದದ್ದೂ. ಅವಳು ಜಕ್ಕಲೆಯ ಪಕ್ಕದಲ್ಲಿ ಕುಳಿತು, ನಾರಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಆ ಹಗ್ಗ ಮುಗಿಯುವವರೆಗೂ ಇಬ್ಬರೂ ಹೊಸೆದರು.

ಅನಂತರ ಅವಳು ಗುರುವಿನ ಬಳಿಗೆ ಬಂದು ಬೆನ್ನು ತೋರಿ ಕುಳಿತಳು. ನಾಗಿಯಬ್ಬೆ ಬೆರಳಿನಿಂದ ಜಡೆಯನ್ನು ನೆತ್ತಿಯಿಂದ ತುದಿಯವರೆಗೆ ಸವರಿ, ದೋಣಿಯವನಿಗೆ ಹೇಳಿ ಕಳುಹಿಸಿದಳು.

"ವಾಲಿದೆ, ಅಬ್ಬೆ. ಬಿಚ್ಚಿ ನೇರಗೊಳಿಸಲೇ?"

"ಯಾರ ಕೈ ಎಂಬುದು ತಿಳಿಯದಂತೆ ಮಾಡಬೇಕೆಂದಿದ್ದರೆ ಬಿಚ್ಚು."

ಮಾಚಲೆ ಬಿಚ್ಚಲಿಲ್ಲ. ಮತ್ತೆ ಕೇಳಿದಳು: ಹಾಗಾದರೆ ಕಂಚವ್ವೆಯ ಮೆತ್ತನೆಯ ಕೈ ತನಗೆ ಏನನ್ನೂ ಕೊಡಲಿಲ್ಲವೇ?

"ನಿನಗೆ ದಣಿವಾಗಿತ್ತು. ಅವಳು ಜೊಂಪು ಕೊಟ್ಟಳು. ಹೋಗುವ ಮುನ್ನ ಅಲ್ಲಿಯೂ ಕೈ ಮುಗಿ."

ಮಾಚಲೆ ಕಂಚವ್ವೆಗೂ ಕೈ ಮುಗಿದಳು. ಕಂಚವ್ವೆ ಅತ್ತಳು, ಜಕ್ಕಲೆ ಬೀಳ್ಕೊಡಲು ಬರದೆ ಗೋಶಾಲೆಯಲ್ಲಿಯೇ ಉಳಿದಳು.

ದೋಣಿ ದಡಕ್ಕೆ ತಾಗಿತು. ಮೊದಲ ಹನಿಗಳು ನೀರಿನ ಮೇಲೆ ಬೀಳತೊಡಗಿದ್ದವು. ದೋಣಿಯವನು ಹುಟ್ಟು ಹಿಡಿದು ಅವಸರಪಡಿಸುತ್ತಿದ್ದ. ಮಾಚಲೆ ದೋಣಿ ಹತ್ತಿ ಹಿಂತಿರುಗಿ ನೋಡಿದಳು.

"ಕಲ್ಲುಕೊಳ್ಳದ ಮಕ್ಕಳು ನಾಳೆ ನನ್ನ ಮುಂದೆ ಬೆನ್ನು ಕೊಟ್ಟು ಕೂರುತ್ತಾರೆ, ಅಬ್ಬೆ. ನಾನು ಬಿಗಿಯಾಗಿ ಹೆಣೆಯಲೇ, ಮೆಲ್ಲಗೆ ಹೆಣೆಯಲೇ?"

ನಾಗಿಯಬ್ಬೆ ನೀರಿಗಿಳಿದು ದೋಣಿಯನ್ನು ತಾನೇ ನೂಕಿದಳು.

"ದೂರು ಹೇಳಲು ಅವರಿಗೆ ಅಲ್ಲಿ ನಿನ್ನ ಹೊರತು ಇನ್ನೊಬ್ಬರಿರುವುದಿಲ್ಲ. ಅದನ್ನು ನೆನೆದು ಹೆಣೆ."